ಅರ್ಧ ಸಾವಿರದವರ ಮನೆ

ತಿಕೋಟಾದಲ್ಲಿ ನಮ್ಮ ಮನೆತನಕ್ಕೆ ಒಂದು ಅಡ್ಡಹೆಸರಿತ್ತು. ‘ಅರ್ಧ ಸಾವಿರದವರು’ ಎನ್ನುತ್ತಿದ್ದರು. ಬಿಜಾಪುರದಿಂದ ಬಂದು ಬಸ್ಸಿಳಿದವರು ನಮ್ಮ ಮನೆ ಎಲ್ಲಿ ಎಂದು ಕೇಳಿದರೆ, ‘ಯಾರು, ಅರ್ಧ ಸಾವಿರದವರ ಮನ್ಯಾ? ಹಿಂಗ ನೆಟ್ಟಗ ಹೋಗ್ರಿ’ ಎಂದು ಕೈ ತೋರಿಸುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಆ ಹೆಸರಿನ ಬಗ್ಗೆ ಹೆಮ್ಮೆಯಿತ್ತು. ಊರಲ್ಲಿ ಬೇರೆ ಯಾರ ಹೆಸರಿನಲ್ಲೂ ಸಾವಿರ ಇರಲಿಲ್ಲ. ಆ ಹೆಸರಿನ ಸಲುವಾಗಿ ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಮೂವತ್ತು ವರ್ಷ ತವರಿಲ್ಲದೆ ಕಳೆದಳು ಎಂಬುದು ಪೂರ್ತಿ ತಿಳಿಯುವ ಹೊತ್ತಿಗೆ ನಾನು ಬಿಜಾಪುರದಲ್ಲಿ ಬಿ.ಎ. ಓದುತ್ತಿದ್ದೆ.

ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎಂದೂ ಅಜ್ಜಿಗೆ ಆಯಿ ಎಂದೂ ಕರೆಯುತ್ತೇವೆ. ಮುತ್ಯಾನ ಪೆಟ್ಟಿಗೆಯಲ್ಲಿ ಒಂದು ಹಿತ್ತಾಳೆಯ ಕೊಳವೆ ಇತ್ತು. ಅದರೊಳಗೆ ಒಂದು ಸಾವಿರ ರೂಪಾಯಿಯ ನೋಟಿನ ಎಡಭಾಗ ಮಾತ್ರ ಇತ್ತು. ನಾವು ಕೈಯಲ್ಲಿ ಹಿಡಿಯುವ ನೋಟಿನಂತಿರಲಿಲ್ಲ ಅದು. ಅಂಗೈಗಿಂತ ದೊಡ್ಡದು, ತೆಳ್ಳಗೆ, ಒಂದೇ ಬದಿಗೆ ಕರಿ ಮಸಿಯಲ್ಲಿ ಅಚ್ಚಾಗಿದ್ದು ಹಿಂಬದಿ ಪೂರಾ ಖಾಲಿ. ಬೆಳಕಿಗೆ ಹಿಡಿದರೆ ಕಾಗದದೊಳಗೆ ನೀರಿನ ಗೆರೆಗಳಂಥ ಅಕ್ಷರ ಕಾಣುತ್ತಿದ್ದವು. ನಂಬರು, ತಾರೀಖು ಎಲ್ಲ ಯಾರೋ ಕೈಯಿಂದ ಬರೆದಿದ್ದರು. ನಟ್ಟನಡುವೆ ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ ಗುರುತು.

ಕತ್ತರಿಸಿದವರು ಕಳ್ಳರಲ್ಲ. ಮುತ್ಯಾನ ಮುತ್ಯಾ ತಿಕೋಟಾದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ. ಬಬಲೇಶ್ವರದ ಒಬ್ಬರು ಅವನ ಪಾಲುದಾರರು. ಇಬ್ಬರೂ ಕೂಡಿ ಹತ್ತಿಯನ್ನು ಬಂಡಿಯಲ್ಲಿ ಘಟ್ಟ ಇಳಿಸಿ, ಹಡಗಿನಲ್ಲಿ ಮುಂಬೈಗೆ ಕಳಿಸುತ್ತಿದ್ದರು. ಆ ಕಾಲದಲ್ಲಿ ಕಂಪನಿ ಸರ್ಕಾರ ನೋಟು ಅಚ್ಚು ಹಾಕುತ್ತಿರಲಿಲ್ಲ. ಮುಂಬೈ, ಕಲಕತ್ತಾದ ಬ್ಯಾಂಕುಗಳೇ ತಮ್ಮ ತಮ್ಮ ಹೆಸರಿನಲ್ಲಿ ದೊಡ್ಡ ದೊಡ್ಡ ನೋಟು ಹೊರಡಿಸುತ್ತಿದ್ದವು. ದಾರಿಯಲ್ಲಿ ದರೋಡೆಯ ಭಯವಿದ್ದುದರಿಂದ ವ್ಯಾಪಾರಿಗಳು ನೋಟನ್ನು ಎರಡು ತುಂಡು ಮಾಡಿ ಒಂದನ್ನು ಮೊದಲು ಟಪಾಲಿಗೆ ಹಾಕುತ್ತಿದ್ದರು. ಅದು ಮುಟ್ಟಿತೆಂದು ಉತ್ತರ ಬಂದ ಮೇಲೆ ಇನ್ನೊಂದು. ಎರಡನ್ನೂ ಜೋಡಿಸಿ ಬ್ಯಾಂಕಿನಲ್ಲಿ ಕೊಟ್ಟರೆ ಹಣ. ಹಾಗೆ ಮುಂಬೈಯ ಸಾಹುಕಾರ ಕಳಿಸಿದ ಮೊದಲ ಅರ್ಧ ತಿಕೋಟಾಕ್ಕೆ ಬಂತು. ಇನ್ನರ್ಧವನ್ನು ಬಬಲೇಶ್ವರದ ಪಾಲುದಾರರಿಗೆ ಕಳಿಸುವುದೆಂದು ಮಾತಾಗಿತ್ತು. ಅದು ಬರಲೇ ಇಲ್ಲವೆಂದು ಅವರು ಹೇಳಿದರು. ಬಂದಿದೆ, ಬಚ್ಚಿಟ್ಟಿದ್ದಾರೆ ಎಂದು ನಮ್ಮವರು ಹೇಳಿದರು. ನೀವು ಮುಟ್ಟಿದ ಉತ್ತರವನ್ನೇ ಬರೆದಿರಲಿಕ್ಕಿಲ್ಲ, ಅದಕ್ಕೇ ಅವನು ಕಳಿಸಿಲ್ಲ ಎಂದು ಅವರು ತಿರುಗಿ ಹೇಳಿದರು. ಅಲ್ಲಿಗೆ ಪಾಲುದಾರಿಕೆ ಮುರಿಯಿತು. ಮುಂಬೈಯ ಸಾಹುಕಾರ ಸತ್ತನೋ ದಿವಾಳಿಯಾದನೋ ಯಾರಿಗೂ ಗೊತ್ತಾಗಲಿಲ್ಲ. ಆಗಿನ ಸಾವಿರದಲ್ಲಿ ಪಕ್ಕದ ಹಳ್ಳಿ ಘೋಣಸಗಿಯ ಎರೆ ಹೊಲಗಳನ್ನೆಲ್ಲ ಕೊಳ್ಳಬಹುದಿತ್ತಂತೆ. ಹಾಗೆಂದು ಮುತ್ಯಾ ಹೇಳುತ್ತಿದ್ದ.

ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಮಾತ್ರ ಅವನು ಕೊಳವೆ ತೆಗೆದು ಆ ತುಂಡನ್ನು ದೇವರ ಮುಂದೆ ಇಡುತ್ತಿದ್ದ. ನಾನು ಒಂಬತ್ತನೆಯ ಇಯತ್ತೆಗೆ ಬಂದ ವರ್ಷ, ‘ಇಂಗ್ರೇಜಿ ಬರ್ತೈತಲ್ಲ, ಓದು ನೋಡೂಣು’ ಎಂದ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಕೊಡುತ್ತೇವೆಂದು ಮಾತು ಕೊಡುತ್ತೇವೆ ಎಂಬಲ್ಲಿಗೆ ಸಾಲು ತುಂಡಾಗಿತ್ತು. ಯಾರಿಗೆ, ಯಾವಾಗ ಎಂಬುದು ಇನ್ನೊಂದು ಅರ್ಧದಲ್ಲಿತ್ತು.

‘ಇಷ್ಟ ಐತಿ ಮುತ್ಯಾ’ ಎಂದೆ.

‘ಹೂಂ. ಇಷ್ಟ ಐತಿ’ ಎಂದು ಅವನು ಅದನ್ನು ಮತ್ತೆ ಸುರುಳಿ ಸುತ್ತಿದ. ಆ ದಿನ ಅವನ ಮುಖದಲ್ಲಿ ಏನೋ ಇತ್ತು. ನನಗೆ ಅರ್ಥವಾಗಲಿಲ್ಲ.

ಅತ್ತಿಯ ವಿಷಯಕ್ಕೆ ಬರುತ್ತೇನೆ. ಅತ್ತಿ ಎಂದರೆ ಅಪ್ಪನ ಅಕ್ಕ. ಮುತ್ಯಾನ ಕಾಲಕ್ಕೆ ಎರಡೂ ಮನೆಗಳ ಹಳೆಯ ಸಿಟ್ಟು ಆರಿದಂತಾಗಿತ್ತು. ಹಿರಿಯರು ನಡುವೆ ನಿಂತು, ಹೆಣ್ಣು ಕೊಟ್ಟು ಬೀಗರಾದರೆ ಎಲ್ಲ ಸರಿಹೋಗುತ್ತದೆ ಎಂದು ಅವಳನ್ನು ಬಬಲೇಶ್ವರದ ಆ ಮನೆಗೇ ಕೊಡಿಸಿದರು. ಆಗ ಅವಳಿಗೆ ಹದಿನಾರು. ಎರಡು ಮೂರು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಚೊಚ್ಚಲ ಬಾಣಂತನಕ್ಕೆ ಅವಳು ತಿಕೋಟಾಕ್ಕೆ ಬಂದಳು. ಗಂಡು ಹುಟ್ಟಿತು. ಐದು ತಿಂಗಳಾದ ಮೇಲೆ ಕರೆದೊಯ್ಯಲು ಅವಳ ಮಾವ ಬಂಡಿ ಕಟ್ಟಿಸಿಕೊಂಡು ಬಂದ.

ಅಂದು ನಡೆದದ್ದನ್ನು ಆಯಿ ನನ್ನ ಅವ್ವನಿಗೆ ಎಷ್ಟೋ ಸಲ ಹೇಳಿದ್ದಾಳೆ. ನಾನು ಅವ್ವನಿಂದ ಕೇಳಿದೆ. ಊಟವಾಗಿತ್ತು. ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಬೀಗ ಹೇಳಿದ: ‘ಬೀಗರ, ಆ ಕಾಗದ ನನ್ನ ಕೈಯಾಗ ಕೊಡ್ರಿ. ಮುಂಬೈದಾಗ ನನ್ನ ಗುರುತಿನ ವಕೀಲರು ಅದಾರ. ಒಮ್ಮೆ ತೋರಿಸ್ಕೊಂಡು ಬರ್ತೇನಿ.’

ಮುತ್ಯಾ ನಗುತ್ತಲೇ ಅಂದನಂತೆ, ‘ಇನ್ನರ್ಧ ನಿಮ್ಮ ಪೆಟಿಗ್ಯಾಗ ಇರೂದಕ್ಕ ಇದನ್ನ ಕೇಳಾಕತ್ತೀರಿ.’

ಬೀಗ ಎದ್ದು ನಿಂತ. ‘ನಮ್ಮನ್ನ ಕಳ್ಳರು ಅಂದಂಗಾತು. ಹಂಗಾರ ಒಂದ ಮಾತು ಹೇಳ್ರಿ. ನಿಮಗ ಕಾಗದ ಬೇಕೋ, ಮಗಳು ಬೇಕೋ? ಕಾಗದ ಕೊಡೂದಿಲ್ಲ ಅಂದ್ರ ಇವತ್ತಿನಿಂದ ಇಕಿ ಕಾಲು ಈ ಹೊಸ್ತಿಲಾ ತುಳಿಯೂದಿಲ್ಲ.’

ಅಡುಗೆಮನೆಯ ಬಾಗಿಲ ಹಿಂದೆ ಅತ್ತಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಒಳಗಿನಿಂದ ಆಯಿ, ‘ಕೊಟ್ಟು ಬಿಡ್ರಿ, ಕೊಟ್ಟು ಬಿಡ್ರಿ’ ಎಂದು ಸಣ್ಣ ದನಿಯಲ್ಲಿ ಅನ್ನುತ್ತಿದ್ದಳು.

ಮುತ್ಯಾ ಹೇಳಿದ್ದು ಇಷ್ಟೇ: ‘ಕರಕೊಂಡು ಹೋಗ್ರಿ.’

ಬಂಡಿ ಹೊರಟಿತು. ಊರ ಹೊರಗಿನ ಬಾವಿಯವರೆಗೆ ಆಯಿ ಬಂಡಿಯ ಹಿಂದೆ ಓಡಿದಳು. ಅತ್ತಿ ತಿರುಗಿ ನೋಡಲಿಲ್ಲವಂತೆ. ನೋಡಿದ್ದರೆ ಇಳಿದುಬಿಡುತ್ತಿದ್ದೆ ಎಂದು ಅವಳೇ ಬಹಳ ವರ್ಷಗಳ ನಂತರ ನನಗೆ ಹೇಳಿದಳು.

ಹೆಣ್ಣುಮಗಳು ತವರಿಗೆ ತಾನಾಗಿ ಬರುವುದಿಲ್ಲ. ಪಂಚಮಿಗೋ ದೀಪಾವಳಿಗೋ ಯಾರಾದರೂ ಹೋಗಿ ಕರೆಯಬೇಕು. ಅಪ್ಪ ಆಗ ಹದಿನಾರರ ಹುಡುಗ. ಅಕ್ಕನನ್ನು ಕರೆಯಲು ಹೋಗುತ್ತೇನೆಂದು ಎರಡು ಸಲ ಹೊರಟನಂತೆ. ಮುತ್ಯಾ ಬಿಡಲಿಲ್ಲ. ಆಮೇಲೆ ಅಪ್ಪ ಬಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಸೈಕಲ್ ಅಂಗಡಿ ಹಾಕಿಕೊಂಡ, ಮದುವೆಯಾದ, ಸ್ಟೇಷನ್ ರಸ್ತೆಯ ಹಿಂದೆ ಬಾಡಿಗೆಗೆ ಎರಡು ಖೋಲಿ ಹಿಡಿದ. ನನ್ನನ್ನು ಮಾತ್ರ ಆಯಿ ತನ್ನ ಹತ್ತಿರ ಇಟ್ಟುಕೊಂಡಳು. ಹನ್ನೊಂದು ವರ್ಷದವರೆಗೆ ನಾನು ತಿಕೋಟಾದಲ್ಲೇ ಬೆಳೆದೆ. ಮುತ್ಯಾನ ಎದುರಿಗೆ ಅತ್ತಿಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಆದರೆ ಅವಳ ಸುದ್ದಿ ಬರುವ ಒಂದು ದಾರಿ ಇತ್ತು.

ಅಪ್ಪನ ಅಂಗಡಿಯ ಪಕ್ಕದಲ್ಲಿ ಒಬ್ಬ ಮುಸಲ್ಮಾನ ಕಲಾಯಿಗಾರ ಕೂಡುತ್ತಿದ್ದ. ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಒಳಗೆ ತವರದ ಲೇಪ ಹಚ್ಚುವುದು ಅವನ ಕಸುಬು. ನಾವೆಲ್ಲ ಅವನನ್ನು ಚಾಚಾ ಎನ್ನುತ್ತಿದ್ದೆವು. ವಾರದಲ್ಲಿ ನಾಲ್ಕು ದಿನ ಸೈಕಲ್ಲಿಗೆ ತಿದಿ, ಇದ್ದಿಲಿನ ಚೀಲ ಕಟ್ಟಿಕೊಂಡು ಹಳ್ಳಿ ತಿರುಗುತ್ತಿದ್ದ. ತಿಕೋಟಾ, ಘೋಣಸಗಿ ಮುಗಿಸಿ ಅಡ್ಡದಾರಿಯಿಂದ ಬಬಲೇಶ್ವರಕ್ಕೆ ಹೋಗುತ್ತಿದ್ದ. ಆಯಿ ಕಲಾಯಿ ಹೋಗದ ಪಾತ್ರೆಗಳನ್ನೂ ಅವನ ಮುಂದೆ ತಂದಿಡುತ್ತಿದ್ದಳು. ಅವನು ಬೇವಿನ ಮರದ ಕೆಳಗೆ ಕುಣಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಯೊಳಗೆ ನವಸಾಗರದ ಪುಡಿ ಉದುರಿಸುತ್ತಿದ್ದ. ಬಿಳಿ ಹೊಗೆ ಎದ್ದಾಗ ಆಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅವನ ಹತ್ತಿರ ಕುಕ್ಕರಗಾಲಲ್ಲಿ ಕೂಡುತ್ತಿದ್ದಳು.

‘ಹೆಂಗ ಅದಾಳೋ?’

‘ಆರಾಮ ಅದಾಳ್ರಿ ಅಮ್ಮಾ. ಸಣ್ಣ ಮಗಾ ಸಾಲಿಗೆ ಹೋಗಾಕತ್ತಾನ. ಹೋದ ವಾರ ಜ್ವರ ಬಂದಿತ್ತಂತ, ಈಗ ಇಳದೈತಿ.’

‘ನನ್ನ ಬಗ್ಗೆ ಏನರ ಕೇಳಿದ್ಲೇನು?’

‘ಕೇಳಿದ್ಲ್ರಿ. ಅವ್ವನ ಮೊಣಕಾಲ ನೋವು ಹೆಂಗ ಐತಿ ಅಂದ್ಲು.’

ಅಷ್ಟು ಕೇಳಿ ಆಯಿ ಒಳಗೆ ಹೋಗಿಬಿಡುತ್ತಿದ್ದಳು. ಪಂಚಮಿಗೆ ಅವಳು ಕಟ್ಟಿದ ಶೇಂಗಾ ಉಂಡಿಯಲ್ಲಿ ಒಂದು ಗಂಟು ಚಾಚಾನ ಇದ್ದಿಲಿನ ಚೀಲದ ಮೇಲೆ ಬಬಲೇಶ್ವರಕ್ಕೆ ಹೋಗುತ್ತಿತ್ತು. ಮುತ್ಯಾನಿಗೆ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು. ಅವನಿಗೆ ಗೊತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಚಾಚಾ ಬಂದ ದಿನ ಅವನು ಯಾವಾಗಲೂ ಹೊಲದ ಕಡೆಗೆ ಹೋಗುತ್ತಿದ್ದ.

ನನಗೆ ಹನ್ನೊಂದಾದಾಗ, ಬೇಸಗೆಯಲ್ಲಿ, ಆಯಿ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಬಿಜಾಪುರದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಪ್ಪ ಅವ್ವ ತಿಕೋಟಾಕ್ಕೆ ಬಂದರು. ಮೂರು ದಿನ ಆಯಿಯದು ಒಂದೇ ಮಾತು: ‘ಅಕಿನ್ನ ಕರಸ್ರಿ.’ ಮೂರನೆಯ ದಿನ ಮುಂಜಾನೆ ಅಪ್ಪ ಚಪ್ಪಲಿ ಮೆಟ್ಟಿಕೊಂಡ. ಮುತ್ಯಾ ಪಡಸಾಲೆಯಲ್ಲಿ ಕೂತಿದ್ದವನು ತಲೆ ಎತ್ತದೆ, ‘ಹೋದಿ ಅಂದ್ರ ತಿರುಗಿ ಇಲ್ಲಿ ಬರಬ್ಯಾಡ’ ಎಂದ. ಅಪ್ಪ ಸ್ವಲ್ಪ ಹೊತ್ತು ನಿಂತ. ಆಮೇಲೆ ಚಪ್ಪಲಿ ಕಳಚಿ ಒಳಗೆ ಬಂದ. ಅಪ್ಪನಿಗೆ ಆಗ ಮೂವತ್ತಾರು ವರ್ಷ. ನಾನು ಕಂಬಕ್ಕೆ ಆತುಕೊಂಡು ಎಲ್ಲ ನೋಡುತ್ತಿದ್ದೆ.

ಆಯಿ ಮಧ್ಯಾಹ್ನ ಹೋದಳು. ಸುದ್ದಿ ತಿಳಿದು ಚಾಚಾ ಯಾರನ್ನೂ ಕೇಳದೆ ಸೈಕಲ್ ಹತ್ತಿ ಆ ಬಿಸಿಲಲ್ಲಿ ಬಬಲೇಶ್ವರಕ್ಕೆ ಹೋದ. ಅತ್ತಿ ಹೊರಟು ಬರುವಷ್ಟರಲ್ಲಿ ನಮ್ಮ ಹೊಲದಲ್ಲಿ ಮಣ್ಣು ಕೊಟ್ಟು ಗಂಡಸರೆಲ್ಲ ಮನೆಗೆ ತಿರುಗಿದ್ದರು. ಸಂಜೆ ನಾನು ಹಿತ್ತಲಲ್ಲಿ ನಿಂತಿದ್ದೆ. ದೂರದಲ್ಲಿ ಹಸಿರು ಇಳಕಲ್ಲ ಸೀರೆಯ ಒಬ್ಬ ಹೆಂಗಸು ಹೊಲದಲ್ಲಿ ಬಗ್ಗಿ ಹಸಿ ಮಣ್ಣನ್ನು ಮುಟ್ಟುತ್ತಿದ್ದಳು. ಬಹಳ ಹೊತ್ತು ಅಲ್ಲೇ ಕೂತಳು. ಚಾಚಾ ಸೈಕಲ್ ಹಿಡಿದುಕೊಂಡು ದೂರದಲ್ಲಿ ನಿಂತಿದ್ದ. ಆಮೇಲೆ ಅವಳು ಎದ್ದು, ಕೈಯ ಮಣ್ಣು ಕೂಡ ಝಾಡಿಸದೆ, ಮನೆಯ ಕಡೆಗೆ ಬಾರದೆ ಬಂದ ದಾರಿಯಲ್ಲೇ ಹೋದಳು. ಯಾರೂ ಕರೆದಿರಲಿಲ್ಲವಲ್ಲ. ಅತ್ತಿಯನ್ನು ನಾನು ಮೊದಲು ನೋಡಿದ್ದು ಹಾಗೆ, ಬೆನ್ನ ಕಡೆಯಿಂದ.

ಮುಂದಿನ ವರ್ಷ ನಾನು ಬಿಜಾಪುರದ ಶಾಲೆಗೆ ಸೇರಿದೆ. ಮುತ್ಯಾ ಒಬ್ಬನೇ ತಿಕೋಟಾದಲ್ಲಿ ಉಳಿದ. ಪಕ್ಕದ ಮನೆಯವರು ರೊಟ್ಟಿ ಮಾಡಿಕೊಡುತ್ತಿದ್ದರು. ರಜೆಯಿದ್ದಾಗಲೆಲ್ಲ ನಾನು ಹೋಗಿ ಇರುತ್ತಿದ್ದೆ.

ಎಪ್ಪತ್ತೆಂಟನೆಯ ಇಸವಿಯ ಸಂಕ್ರಾಂತಿಗೆ ಹಾಗೇ ಹೋಗಿದ್ದೆ. ಹಬ್ಬ ಮುಗಿದು ಎರಡು ಮೂರು ದಿನವಾಗಿತ್ತು. ಮುಂಜಾನೆಯ ರೇಡಿಯೋದಲ್ಲಿ ಸುದ್ದಿ ಬಂತು: ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ಇನ್ನು ನಡೆಯುವುದಿಲ್ಲ. ನಮ್ಮ ಓಣಿಯಲ್ಲಿ ಯಾರೂ ಅಂಥ ನೋಟನ್ನು ಕಣ್ಣಿನಿಂದ ಕಂಡವರಲ್ಲ. ಹಾಗಾಗಿ ಎಲ್ಲರಿಗೂ ಅದು ತಮಾಷೆಯ ವಿಷಯವಾಯಿತು. ಹಾಲು ತಂದವನಿಂದ ಹಿಡಿದು ಚಾವಡಿಯ ಕಟ್ಟೆಯ ಮುದುಕರವರೆಗೆ ಒಬ್ಬೊಬ್ಬರೂ ಬಾಗಿಲಲ್ಲಿ ನಿಂತು, ‘ಏನ್ರಿ ಗೌಡ್ರ, ನಿಮ್ಮ ಅರ್ಧ ಸಾವಿರಾನೂ ಹೋತಲ್ರಿ’ ಎಂದು ನಕ್ಕು ಹೋದರು. ಮುತ್ಯಾ ಅವರೊಡನೆ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ನಾನು ಅಂಗಳದಲ್ಲಿ ಎಳ್ಳು ಒಣಗಿಸುತ್ತಿದ್ದೆ. ‘ಬಾ ಇಲ್ಲಿ, ಕುಂದ್ರು’ ಎಂದು ಕರೆದ.

ಕೊಳವೆ ಅವನ ತೊಡೆಯ ಮೇಲಿತ್ತು.

‘ಇದು ಇವತ್ತ ಹೋಗಿಲ್ಲ’ ಎಂದ. ‘ಇದು ನಮ್ಮಪ್ಪ ಹುಟ್ಟೂಕಿಂತ ಮೊದಲ ಹೋಗೈತಿ. ನನಗ ಗೊತ್ತಾಗಿ ಮೂವತ್ತು ವರ್ಷ ಆತು.’

ನಾನು ಅವನ ಮುಖ ನೋಡಿದೆ.

‘ನಿಮ್ಮ ಅತ್ತೀನ್ನ ಕರಕೊಂಡು ಹೋದ ಮ್ಯಾಲೆ ಆರು ತಿಂಗಳಿಗೆ ಪಂಢರಪುರಕ್ಕ ಹೋಗ್ತೇನಿ ಅಂತ ಹೇಳಿ ಮುಂಬೈಗೆ ಹೋದೆ. ಇದನ್ನ ಒಳ ಅಂಗಿ ಕಿಸೆದಾಗ ಹೊಲಕೊಂಡಿದ್ದೆ. ದೊಡ್ಡ ದೊಡ್ಡ ಬ್ಯಾಂಕ್ ಎಲ್ಲಾ ತಿರುಗಿದೆ. ಒಂದ ಕಡೆ ಒಬ್ಬ ಮುದುಕ ಗುಮಾಸ್ತ ಇದ್ದ. ಮೂಗಿನ ಮ್ಯಾಲೆ ಚಾಳೀಸ ಏರಿಸಿ ನೋಡಿದ. ಇದನ್ನ ಕೊಟ್ಟ ಬ್ಯಾಂಕ ಮುಳುಗಿ ನಮ್ಮಜ್ಜನ ಕಾಲ ಆತು ಅಂದ. ಇನ್ನರ್ಧ ಸಿಕ್ಕರೂ ಕೊಡಾವರು ಯಾರೂ ಇಲ್ಲ ಅಂದ. ಪಾಪ, ಕುಂದ್ರಿಸಿ ಚಹಾ ಕುಡಿಸಿದ.’

‘ಮತ್ತ?’

‘ಮತ್ತೇನು? ಬರೂ ಮುಂದ ಕುರ್ಡುವಾಡಿಯಾಗ ಇಳಿದು ಪಂಢರಪುರಕ್ಕ ಹೋಗಿ ಪ್ರಸಾದ ತಂದೆ. ನಿಮ್ಮ ಆಯಿ ಕಣ್ಣಿಗೆ ಒತ್ತಿಕೊಂಡು ತಿಂದ್ಲು. ಮಗಳು ಬರಲಿ ಅಂತ ಬೇಡಿಕೊಂಡಿ ಇಲ್ಲೋ ಅಂತ ಕೇಳಿದ್ಲು. ಬೇಡಿಕೊಂಡೇನಿ ಅಂದೆ.’

ಅಲ್ಲಿಯವರೆಗೆ ಮುತ್ಯಾನಿಗೆ ಎದುರು ಮಾತಾಡಿದವಳಲ್ಲ ನಾನು. ‘ಮತ್ತ ಆಯಿಗೆ ಯಾಕ ಹೇಳಲಿಲ್ಲ?’ ಎಂದು ಕೇಳಿದೆ. ‘ಅವತ್ತ ಹೋಗಿ ಅತ್ತೀನ್ನ ಯಾಕ ಕರಕೊಂಡು ಬರಲಿಲ್ಲ?’

ಅವನು ಅಂಗಳದ ಎಳ್ಳಿನ ಕಡೆಗೆ ನೋಡುತ್ತ ಹೇಳಿದ.

‘ಹೇಳಿದ್ರ, ಹಂಗಾರ ಮಗಳನ್ನ ಯಾತಕ್ಕ ಕಳಕೊಂಡಿ ಅಂತ ಕೇಳ್ತಿದ್ಲು. ಅದಕ್ಕ ನನ್ನ ಹತ್ತರ ಜವಾಬ ಇರಲಿಲ್ಲ. ವರ್ಷ ಹೋದಂಗ ಹೋದಂಗ ಇನ್ನಷ್ಟು ಇಲ್ಲದಂಗಾತು.’

ನಾನು ಎದ್ದು ಬಟ್ಟೆ ತುಂಬಿಕೊಂಡೆ. ಹೋಗುತ್ತೇನೆ ಎಂದೂ ಹೇಳದೆ ಮಧ್ಯಾಹ್ನದ ಬಸ್ಸು ಹಿಡಿದು ಬಿಜಾಪುರಕ್ಕೆ ಬಂದೆ. ನೆಟ್ಟಗೆ ಅಂಗಡಿಗೆ ಹೋದೆ. ಅಪ್ಪ ಒಂದು ಗಾಲಿಯನ್ನು ತಿರುಗಿಸುತ್ತ ಕಡ್ಡಿ ಬಿಗಿಯುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಅವನು ಗಾಲಿ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೂ ಅದು ತಿರುಗುತ್ತಿತ್ತು. ಆಮೇಲೆ ಕೈ ಒರೆಸಿಕೊಂಡು ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಹಾಕಿದ. ಹಬ್ಬದ ದಿನವೂ ಹಗಲಲ್ಲಿ ಅಂಗಡಿ ಮುಚ್ಚಿದವನಲ್ಲ ಅವನು.

ಪಕ್ಕದಿಂದ ಚಾಚಾ ಕೇಳಿದ, ‘ಯಾಕೋ, ಏನಾತು?’

ಅಪ್ಪ ಅವನ ಹತ್ತಿರ ಹೋಗಿ ನೆಲದ ಮೇಲೆ ಕೂತುಬಿಟ್ಟ. ‘ಚಾಚಾ, ಅವತ್ತು ನೀ ಹೋದಿ. ನಾ ಹೋಗಲಿಲ್ಲ’ ಎಂದ. ಚಾಚಾನಿಗೆ ಯಾವ ದಿನದ ಮಾತೆಂದು ಕೇಳುವ ಅಗತ್ಯ ಬೀಳಲಿಲ್ಲ. ಮುದುಕನಾಗಿದ್ದ, ಹಳ್ಳಿ ತಿರುಗುವುದನ್ನು ಬಿಟ್ಟಿದ್ದ. ಅಪ್ಪನ ಬೆನ್ನ ಮೇಲೆ ಕೈ ಇಟ್ಟು, ‘ಇನ್ನೂ ಅಕಿ ಜೀವಂತ ಅದಾಳಪ್ಪ. ಹೋಗು’ ಎಂದ.

ಮರುವಾರ ನಾವು ನಾಲ್ವರು ಬಬಲೇಶ್ವರದ ಬಸ್ಸು ಹತ್ತಿದೆವು: ಮುತ್ಯಾ, ಅಪ್ಪ, ಅವ್ವ, ನಾನು. ಮುತ್ಯಾನನ್ನು ಒತ್ತಾಯ ಮಾಡಬೇಕಾಗಲಿಲ್ಲ. ಅಪ್ಪ ಹೋಗಿ ಬಾಗಿಲಲ್ಲಿ ನಿಂತ ಕೂಡಲೇ ತಲೆಗೆ ಪಟಗಾ ಸುತ್ತಿಕೊಂಡು ಎದ್ದನಂತೆ. ಅವ್ವ ಉಡಿ ತುಂಬುವ ಸಾಮಾನು ತೆಗೆದುಕೊಂಡಿದ್ದಳು: ಒಂದು ಸೀರೆ, ಕುಬಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು. ಹೊಲಗಳಲ್ಲಿ ಬಿಳಿಜೋಳ ತೆನೆ ಬಿಟ್ಟಿತ್ತು. ಮುತ್ಯಾ ಕಿಟಕಿಯ ಸರಳು ಹಿಡಿದು, ಮೊದಲ ಸಲ ಆ ದಾರಿಯಲ್ಲಿ ಹೋಗುವವನಂತೆ ಹೊರಗೆ ನೋಡುತ್ತಿದ್ದ.

ಅತ್ತಿಯ ಮಾವ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅವಳ ಗಂಡ, ಮೆತ್ತಗಿನ ಮನುಷ್ಯ, ನಮ್ಮನ್ನು ಬಾಗಿಲಲ್ಲಿ ನೋಡಿ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ‘ಬರ್ರಿ ಮಾವಾರ, ಬರ್ರಿ’ ಎಂದು ಕಂಬಳಿ ಹಾಸಿದ. ಅತ್ತಿ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಳು. ಅವಳ ಮುಖ ನಾನು ನೋಡಿದ್ದು ಅಂದೇ ಮೊದಲು. ಆಯಿಯ ಮುಖವೇ, ಅದಕ್ಕಿಂತ ಸ್ವಲ್ಪ ಗಟ್ಟಿ. ಎಲ್ಲರ ಕಾಲಿಗೆ ನೀರು ಕೊಟ್ಟಳು. ಮುತ್ಯಾನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಒಳಗೆ ಹೋಗಿ ರೊಟ್ಟಿ ಬಡಿದಳು. ಝುಣಕ, ಬದನೆಕಾಯಿ ಪಲ್ಯ, ಮೊಸರು. ಬಂದ ಬೀಗರಿಗೆ ಮಾಡುವ ಎಲ್ಲವನ್ನೂ ಮಾಡಿದಳು. ಅದರಲ್ಲಿ ಏನೂ ಕಡಿಮೆ ಇರಲಿಲ್ಲ. ಅದೇ ನನಗೆ ಸಂಕಟವಾಯಿತು. ನಾವು ಅವಳಿಗೆ ಅತಿಥಿಗಳಾಗಿದ್ದೆವು.

ಮುತ್ಯಾ ತಾಟಿನ ಮುಂದೆ ಕೂತು ರೊಟ್ಟಿ ಮುರಿದ. ಬಾಯಿಗೆ ಇಡಲಾಗಲಿಲ್ಲ. ಕೊಳವೆಯನ್ನು ತೆಗೆದು ಅವಳ ಮುಂದೆ ನೆಲದ ಮೇಲಿಟ್ಟ. ನನಗೆ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದ. ಮುಂಬೈ, ಗುಮಾಸ್ತ, ಪಂಢರಪುರದ ಪ್ರಸಾದ, ಏನನ್ನೂ ಬಿಡಲಿಲ್ಲ. ಕೊನೆಗೆ, ‘ತಪ್ಪಾತು ಯವ್ವಾ’ ಎಂದ. ಎಂಬತ್ತು ವರ್ಷದ ಆ ಮನುಷ್ಯ ಹಾಗೆ ಅಂದದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಅತ್ತಿ ಕೊಳವೆಯನ್ನು ಮುಟ್ಟಲಿಲ್ಲ.

‘ನನಗ ಗೊತ್ತಿತ್ತು ಯಪ್ಪಾ’ ಎಂದಳು. ‘ನಮ್ಮ ಮಾವನವರು ಸಾಯೂ ಮುಂದ ಹೇಳಿದ್ರು. ಅವರೂ ವಕೀಲರಿಂದ ಮುಂಬೈಗೆ ಪತ್ರಾ ಬರೆಸಿದ್ರಂತ. ಅದು ಮುಳುಗಿದ ಬ್ಯಾಂಕಿನ ಕಾಗದ, ಅದರಾಗ ಏನೂ ಇಲ್ಲ ಅಂತ ಅವರಿಗೂ ಉತ್ತರ ಬಂದಿತ್ತು. ಮಂದಿ ಮುಂದ ಮಾತು ಆಡಿಬಿಟ್ಟಿದ್ದೆ, ಹಿಂದ ತಗೋಳಾಕ ಆಗಲಿಲ್ಲ ಅಂದ್ರು. ನನ್ನ ಕೈ ಹಿಡಕೊಂಡು ಅತ್ತರು.’

ಅಪ್ಪ ಕೇಳಿದ, ‘ಮತ್ತ ಅಕ್ಕಾ, ಗೊತ್ತಾದ ಮ್ಯಾಲರೆ ನೀ ಯಾಕ ಬರಲಿಲ್ಲ?’

‘ಕರಿಯಾಕ ಯಾರು ಬಂದ್ರು?’ ಎಂದಳು ಅತ್ತಿ. ದನಿ ಏರಿಸಲಿಲ್ಲ. ‘ಪ್ರತಿ ಪಂಚಮಿಗೆ ಬಾಗಲಾ ನೋಡಿದೆ. ಮಾವನವರು ಹೋದ ಮ್ಯಾಲೆ ತಡಿಯಾವರು ಯಾರೂ ಇರಲಿಲ್ಲ. ಅವ್ವ ಹಾಸಿಗಿ ಹಿಡದಾಳ ಅಂತ ತಿಳೀತು. ಈಗರೆ ಕರೀತಾರ ಅಂತ ಸೀರಿ ಉಟಗೊಂಡು ಕುಂತಿದ್ದೆ, ಮೂರು ದಿನ. ಬಂದಾವ ಕಲಾಯಿ ಚಾಚಾ. ಅವ ಬಂದಾಗ ಎಲ್ಲಾ ಮುಗದಿತ್ತು.’

ಅಪ್ಪ ಅಳತೊಡಗಿದ. ‘ನಾ ಸಣ್ಣಾವ ಇದ್ದೆ ಅಕ್ಕಾ’ ಎಂದ.

‘ಹೂಂ ತಮ್ಮಾ. ನನ್ನ ಕರಕೊಂಡು ಬಂದಾಗ ನೀ ಸಣ್ಣಾವ ಇದ್ದಿ. ಅವ್ವ ಸತ್ತಾಗ ಸಣ್ಣಾವ ಇರಲಿಲ್ಲ.’

ಹೊರಗೆ ಎಮ್ಮೆಯೊಂದು ಗೂಟದ ಸುತ್ತ ತಿರುಗುತ್ತಿತ್ತು. ಅತ್ತಿಯೇ ಅವ್ವನ ಕಡೆ ತಿರುಗಿ, ‘ಉಡಿ ತುಂಬಾಕ ತಂದೀರಿ ಏನು? ತುಂಬ್ರಿ. ತವರಿನ ಉಡಿ ಒಲ್ಲೆ ಅನಬಾರದು’ ಎಂದು ಮಣೆಯ ಮೇಲೆ ಕೂತಳು. ಅವ್ವ ಉಡಿ ತುಂಬಿದಳು. ಅಕ್ಕಿ ಸುರಿಯುವಾಗ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಅತ್ತಿ ಒಂದೊಂದೇ ಕಾಳು ಆರಿಸಿ ಸೆರಗಿಗೆ ಹಾಕಿಕೊಂಡಳು.

ಹೊರಡುವಾಗ ಮುತ್ಯಾ, ‘ನಾಕ ದಿನ ಬಂದು ಇದ್ದು ಹೋಗವ್ವ’ ಎಂದ.

‘ಇಲ್ಲ ಯಪ್ಪಾ. ಅಲ್ಲಿ ಅವ್ವ ಇಲ್ಲ. ನಾ ಬಂದು ಯಾರ ಮುಂದ ಕುಂದರ್ಲಿ?’

ಆಮೇಲೆ ಕೊಳವೆಯನ್ನು ತೋರಿಸಿ, ‘ಅದನ್ನ ಇಲ್ಲಿ ಬಿಡಬ್ಯಾಡ್ರಿ’ ಎಂದಳು. ಅಪ್ಪ ಅದನ್ನು ಎತ್ತಿಕೊಂಡ.

ಮುತ್ಯಾ ಆ ವರ್ಷದ ಮಳೆಗಾಲ ಕಳೆಯುವವರೆಗೆ ಇದ್ದ. ಜಡ್ಡು ಎಂಬುದೇನೂ ಇರಲಿಲ್ಲ, ಊಟ ಕಡಿಮೆಯಾಯಿತು. ದಸರೆಯ ಹತ್ತಿರ ಒಂದು ಮುಂಜಾನೆ ಎದ್ದೇಳಲಿಲ್ಲ. ಈ ಸಲ ಅಪ್ಪ ತಾನೇ ಬಬಲೇಶ್ವರಕ್ಕೆ ಹೋಗಿ ಅತ್ತಿಯನ್ನು ಕರೆತಂದ. ಅವಳು ಬಂದಳು. ಬಾಗಿಲಲ್ಲಿ ಸ್ವಲ್ಪ ನಿಂತು ಒಳಗೆ ಕಾಲಿಟ್ಟಳು. ಹೆಂಗಸರೊಡನೆ ಕೂತಳು, ಅಳಲಿಲ್ಲ. ಮಣ್ಣು ಕೊಟ್ಟ ಮೇಲೆ ಎಲ್ಲರೂ ಹೋದಾಗ ಒಂದೊಂದೇ ಖೋಲಿಗೆ ಹೋಗಿ ನೋಡಿದಳು. ಅಡುಗೆಮನೆಯ ಬಾಗಿಲ ಹಿಂದೆ ತುಸು ಹೆಚ್ಚು ಹೊತ್ತು ನಿಂತಳು. ಆ ದಿನವೇ ಸಂಜೆಯ ಬಸ್ಸಿಗೆ ತಿರುಗಿ ಹೋದಳು.

ಆ ತುಂಡು ಕಾಗದ ಈಗ ನನ್ನ ಹತ್ತಿರ ಇದೆ. ಹಳೆಯ ನೋಟುಗಳನ್ನು ಕೂಡಿಸುವ ಹವ್ಯಾಸದ ಒಬ್ಬರು ಹೇಗೋ ತಿಳಿದುಕೊಂಡು ಮನೆಗೆ ಬಂದಿದ್ದರು. ಇಂಥವು ಬಹಳ ಅಪರೂಪ, ಅರ್ಧವಾದರೂ ಒಳ್ಳೆ ಬೆಲೆ ಕೊಡುತ್ತೇನೆ ಎಂದರು. ಕೊಡುವುದಿಲ್ಲ ಎಂದೆ. ಪ್ರೀತಿಯಿಂದ ಇಟ್ಟುಕೊಂಡಿದ್ದೇನೆ ಎಂದು ಅವರು ತಿಳಿದಿರಬೇಕು. ಅದಕ್ಕೆ ಮತ್ತೊಮ್ಮೆ ಯಾರಾದರೂ ಬೆಲೆ ಕಟ್ಟುವುದು ನನಗೆ ಬೇಕಾಗಿರಲಿಲ್ಲ, ಅಷ್ಟೇ.

ಮುತ್ಯಾ ಹೋದ ಮೇಲೆ ನಾನು ತಿಂಗಳಿಗೊಂದು ಭಾನುವಾರ ಬಬಲೇಶ್ವರಕ್ಕೆ ಹೋಗತೊಡಗಿದೆ. ಮೊದಮೊದಲು ಅತ್ತಿ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ದಿನ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಾಗ ಇದ್ದಕ್ಕಿದ್ದಂತೆ ಕೇಳಿದಳು, ‘ಕಡೀಕಡೀಗೆ ಅವ್ವನ ದನಿ ಹೆಂಗ ಇತ್ತ ಯವ್ವಾ? ಮುಖ ನೆನಪೈತಿ. ದನಿ ನೆನಪಾಗವಲ್ದು.’

ಹೇಗೆ ಹೇಳುವುದು? ದಪ್ಪ ದನಿ, ಸ್ವಲ್ಪ ಒಡಕು, ಮುಂಜಾನೆ ಇನ್ನಷ್ಟು ಒಡಕು ಎಂದೆ. ಅವಳು ಜರಡಿ ನಿಲ್ಲಿಸಿ ಕೇಳಿದಳು. ಕೋಳಿಗಳನ್ನು ಕರೆಯುವಾಗ ‘ಬಾಬಾಬಾ’ ಎಂದು ಕರೆಯುತ್ತಿದ್ದಳು, ಪಕ್ಕದ ಮನೆಯ ಕೋಳಿಗಳೂ ಬಂದುಬಿಡುತ್ತಿದ್ದವು ಎಂದೆ. ‘ಇನ್ನ?’ ಎಂದಳು. ಬೀಸುವಾಗ ಹಾಡನ್ನು ಅರ್ಧಕ್ಕೇ ಬಿಟ್ಟು, ಹಿಟ್ಟು ಎಷ್ಟಾಯಿತೆಂದು ನೋಡಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು ಎಂದೆ. ಅತ್ತಿ ತಲೆಯಾಡಿಸಿದಳು. ‘ಹೂಂ, ಮಾಡ್ತಿದ್ಲು’ ಎಂದಳು.

ಆಮೇಲೆ ಪ್ರತಿ ಸಲವೂ ಹಾಗೇ. ನಾನು ಹೋಗಿ ಕೂತ ಸ್ವಲ್ಪ ಹೊತ್ತಿಗೆ ಅವಳು ‘ಹೇಳು’ ಎನ್ನುತ್ತಿದ್ದಳು. ಇಪ್ಪತ್ತೊಂದು ವರ್ಷದ ನಾನು ಐವತ್ತರ ಅತ್ತಿಗೆ ಅವಳ ಹೆತ್ತ ತಾಯಿಯ ಬಗ್ಗೆ ಹೇಳುತ್ತಿದ್ದೆ. ಗೊತ್ತಿದ್ದುದೆಲ್ಲ ಮುಗಿದುಹೋದ ಮೇಲೆ ಹೇಳಿದ್ದನ್ನೇ ಮತ್ತೆ ಹೇಳಿದೆ. ಅವಳು ಮೊದಲ ಸಲ ಕೇಳುವವಳಂತೆ ಕೇಳುತ್ತಿದ್ದಳು.